ಮಗ್ಗುಲು ತಪ್ಪಿದ ಕಿಮೊನೊ

ಕಥೆ ಬರೆಯುವ ಕೈ ಬೇರೆ, ಕ್ಯಾಮೆರಾದ ಪಕ್ಕ ನಿಂತು ಅಪ್ಪಣೆ ಕೊಡುವ ಬಾಯಿ ಬೇರೆ ಎಂದು ಜಪಾನಿನ ಚಿತ್ರರಂಗ ನಂಬಿದ್ದ ಕಾಲದಲ್ಲಿ, ಎರಡೂ ಹೊರೆಗಳನ್ನು ಒಬ್ಬರೇ ಹೊತ್ತು ಐವತ್ತು ವರ್ಷ ನಡೆದವರು ಶ್ರೀ ಉಮೆಗಾಕಿ ಶಿಗೆಮಿಚಿಯವರು. ಮೂವತ್ತೊಂದು ಚಿತ್ರಗಳನ್ನು ನಿರ್ದೇಶಿಸಿ, ತಮಗೂ ಪರರಿಗೂ ಸೇರಿ ಅರವತ್ತರಷ್ಟು ಚಿತ್ರಕಥೆಗಳನ್ನು ಬರೆದು, ಎಪ್ಪತ್ತೇಳರ ವಯಸ್ಸಿನಲ್ಲಿ ವಿಶ್ರಾಂತಿಗೆ ಹೊರಟಿರುವ ಈ ಹಿರಿಯರನ್ನು ವಿದ್ವಾಂಸರು ಇದೇ ಅಭಿನಂದನ ಗ್ರಂಥದಲ್ಲಿ ಧಾರಾಳವಾಗಿ ಹೊಗಳಿದ್ದಾರೆ. ಹೊಗಳಿಕೆ ಅಲ್ಲಿಗಿರಲಿ. ಅವರ ದಾಖಲೆಗಾರ್ತಿ ಕುರಮೊಚಿ ಫುಸಾ ಅವರು ನಲವತ್ತೈದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಒಂದು ಸಂಗತಿಯನ್ನು ಆಕೆಯ ಒಪ್ಪಿಗೆ ಪಡೆದೇ ಇಲ್ಲಿ ಬರೆಯಲಾಗಿದೆ.

ತ್ಸುರುಗಾದ ಚಾಪೆ ಹೆಣೆಯುವವರ ಮನೆಯಲ್ಲಿ ಹುಟ್ಟಿದ ಉಮೆಗಾಕಿಯವರು ಕ್ಯೋಟೋದ ಸ್ಟುಡಿಯೊ ಸೇರಿ, ಐದು ವರ್ಷ ಸಹಾಯಕರಾಗಿ ಬೈಗುಳ ತಿಂದು ನಿರ್ದೇಶಕರಾದರು. ಬಿಸಿನೀರಿನ ಬುಗ್ಗೆಯೂರಿನ ಛತ್ರದಲ್ಲಿ ಬಾಗಿಲು ಹಾಕಿಕೊಂಡು ಬರೆಯುವುದು, ಎಲ್ಲ ಪಾತ್ರಗಳ ಮಾತನ್ನೂ ತಾವೇ ಗಟ್ಟಿಯಾಗಿ ಓದುವುದು, ಚಿತ್ರೀಕರಣದ ಬೆಳಿಗ್ಗೆ ಹೊಸ ಹಾಳೆಗಳನ್ನು ಹಂಚಿ ಎಲ್ಲರ ಪ್ರಾಣ ತೆಗೆಯುವುದು ಅವರ ಪದ್ಧತಿ. ಆ ಹಾಳೆಗಳೇ ಮುಂದೆ ಒಬ್ಬಾಕೆಯನ್ನು ಉಳಿಸಿದವು.

ನಾಲ್ಕನೆಯ ಚಿತ್ರಕ್ಕೆ ಫುಸಾ ಬಂದಾಗ ವಯಸ್ಸು ಇಪ್ಪತ್ತೆರಡು. ಯಾರು ಏನು ಉಟ್ಟಿದ್ದರು, ಲೋಟ ಯಾವ ಕೈಯಲ್ಲಿತ್ತು ಎಂದು ಪ್ರತಿ ಶಾಟಿಗೂ ಬರೆದಿಡುವ ಕೆಲಸ. ಏಳನೆಯ ದಿನ, ಜ್ವರದಿಂದೆದ್ದ ಸೊಸೆ ಕನ್ನಡಿಯ ಮುಂದೆ ಕಿಮೊನೊ ಉಟ್ಟು ಅಳುವ ದೃಶ್ಯ. ಕನ್ನಡಿಯಲ್ಲಿ ಬಲಮಗ್ಗುಲು ಮೇಲಿದ್ದದ್ದು ಫುಸಾಳ ಕಣ್ಣಿಗೆ ಬಿತ್ತು. ಬದುಕಿರುವವರು ಎಡಮಗ್ಗುಲನ್ನು ಮೇಲೆ ತಂದು ಉಡುತ್ತಾರೆ; ಬಲಮಗ್ಗುಲು ಮೇಲೆ ಬರುವಂತೆ ಉಡಿಸುವುದು ಹೆಣಕ್ಕೆ. ಕನ್ನಡಿ ಎಡಬಲ ಅದಲುಬದಲು ಮಾಡುತ್ತದೆಂಬುದೇ ಗಾಬರಿಯಲ್ಲಿ ಮರೆತುಹೋಯಿತು.

"ಅಕ್ಕಾ, ಮಗ್ಗುಲು ತಪ್ಪಿದೆ, ಬದಲಾಯಿಸ್ಕೊಳ್ಳಿ."

ದಣಿದಿದ್ದ ನಟಿ ಎರಡನೆಯ ಮಾತಾಡದೆ ಬದಲಾಯಿಸಿಕೊಂಡು ಕ್ಯಾಮೆರಾದತ್ತ ತಿರುಗಿದಳು. ಎಲ್ಲರ ಕಣ್ಣೂ ಆಕೆಯ ಕಣ್ಣೀರಿನ ಮೇಲಿತ್ತು.

ಮಾರನೆಯ ದಿನ ತೆರೆಯ ಮೇಲೆ ನೋಡುವಷ್ಟರಲ್ಲಿ ಸೆಟ್ಟನ್ನು ಕಳಚಿಹಾಕಿಯಾಗಿತ್ತು, ಮತ್ತೆ ತೆಗೆಯುವಂತಿರಲಿಲ್ಲ. ಸ್ಟುಡಿಯೊ ಮುಖ್ಯಸ್ಥರು ಕುರ್ಚಿಯಿಂದ ಎದ್ದೇಬಿಟ್ಟರು.

"ಬದುಕಿರೋ ಸೊಸೆಗೆ ಹೆಣದ ಉಡುಗೆ! ಯಾರ ಘನಂದಾರಿ ಕೆಲಸ ಇದು? ಆ ಹುಡುಗೀನಾ? ಇವತ್ತೇ ಮನೆಗೆ ಕಳಿಸಿ."

ಹಾಗೆ ಹೊರಬಿದ್ದವಳನ್ನು ಬೇರೆ ಯಾವ ಸ್ಟುಡಿಯೊವೂ ಒಳಗೆ ಬಿಡುತ್ತಿರಲಿಲ್ಲ. ಫುಸಾ ತಲೆ ತಗ್ಗಿಸಿ ನಿಂತಳು. ಉಮೆಗಾಕಿಯವರು ಸಿಗರೇಟು ಹಚ್ಚಿ, ಹವಾಮಾನ ಹೇಳುವಷ್ಟು ತಣ್ಣಗೆ ಹೇಳಿದರು: "ಚಿತ್ರಕಥೇಲೇ ಹಾಗಿದೆ. ಹೊಸ ಹಾಳೆ ನಿಮಗಿನ್ನೂ ತಲುಪಿಲ್ಲ, ಅಷ್ಟೆ."

ಅಂಥ ಹಾಳೆ ಎಲ್ಲೂ ಇರಲಿಲ್ಲ. ಮರುಬೆಳಿಗ್ಗೆ ಬಂತು, ಹಿಂದಿನ ವಾರದ ತಾರೀಖು ಹೊತ್ತು. ಒಂಬತ್ತು ದಿನ ಛತ್ರದಲ್ಲಿ ಕೂತು ಬರೆದಿದ್ದ ಅತ್ತೆ ಸೊಸೆಯರ ರಾಜಿಯ ಸಂಭಾಷಣೆಯನ್ನು ಪೂರ್ತಿ ಹೊಡೆದುಹಾಕಿದ್ದರು. ಚಿತ್ರದುದ್ದಕ್ಕೂ ಸೊಸೆಯನ್ನು ಕುಟುಕಿದ ಅತ್ತೆ ಈಗ ಬಾಯಿ ಬಿಡದೆ ಬಂದು, ಆಕೆಯ ಕಿಮೊನೊ ಬಿಚ್ಚಿ ಎಡಮಗ್ಗುಲು ಮೇಲೆ ತಂದು ಕಟ್ಟುತ್ತಾಳೆ.

"ನಿರ್ದೇಶಕರ ಸೂಚನೆಯಂತೆ ಅಂತ ಬರ್ಕೊ," ಎಂದರು ಫುಸಾಳಿಗೆ.

"ಸುಳ್ಳಲ್ವಾ, ಗುರುಗಳೇ?"

"ಸುಳ್ಳು ಬರೆದೇ ಕಣಮ್ಮ ನಾನು ಹೊಟ್ಟೆ ಹೊರೀತಿರೋದು. ನೀನೂ ಒಂದು ಸಾಲು ಬರಿ, ಏನಾಗಲ್ಲ."

ಆ ದೃಶ್ಯದ ಬಗ್ಗೆ ವಿಮರ್ಶಕರು ಸಾವು ಬದುಕು ಎಂದು ಪುಟಗಟ್ಟಲೆ ಬರೆದರು. ಪ್ರತಿ ಪ್ರಶಸ್ತಿಗೂ ಫುಸಾಗೆ ಕಿವಿ ಬಿಸಿಯಾಗುತ್ತಿತ್ತು. ನಿಜ ಹೇಳಿಬಿಡುತ್ತೇನೆ ಎಂದಾಗಲೆಲ್ಲ ಉಮೆಗಾಕಿಯವರದು ಒಂದೇ ಮಾತು: "ಬೇಡ. ಪಾಪ, ವಿಮರ್ಶಕರ ಹೊಟ್ಟೆ ಮೇಲೆ ಹೊಡೀಬೇಡ." ಮುಂದಿನ ಇಪ್ಪತ್ತೇಳು ಚಿತ್ರಗಳಿಗೂ ಫುಸಾ ಅವರೇ ದಾಖಲೆಗಾರ್ತಿ.

ಈ ವಸಂತದಲ್ಲಿ ಎಪ್ಪತ್ತೇಳರ ಸಂಭ್ರಮದ ಕೂಟ ನಡೆಯಿತು. ಯಾವಾಗಲೂ ಕಿಮೊನೊ ಉಡಿಸುತ್ತಿದ್ದ ಪತ್ನಿ ತೀರಿಕೊಂಡು ಎರಡು ವರ್ಷ. ಉಮೆಗಾಕಿಯವರು ತಾವೇ ಕನ್ನಡಿ ನೋಡಿಕೊಂಡು ಉಟ್ಟು ಬಂದಿದ್ದರು. ಬಲಮಗ್ಗುಲು ಮೇಲಿತ್ತು. ಇನ್ನೂರು ಜನ ಕಂಡರು. ಹೇಳುವ ಎದೆ ಯಾರಿಗೂ ಇರಲಿಲ್ಲ. ಛಾಯಾಗ್ರಾಹಕ ಕ್ಯಾಮೆರಾ ಎತ್ತಿಕೊಂಡು ಹಾಗೇ ನಿಂತ.

ಫುಸಾ ಹಿಂದಿನ ಸಾಲಿನಿಂದ ಎದ್ದು ಬಂದರು. ಗುರುಗಳನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ ಸೊಂಟಪಟ್ಟಿ ಬಿಚ್ಚಿದರು.

"ಬಿಡು ಫುಸಾ," ಎಂದರು ಅವರು, ಸಣ್ಣ ದನಿಯಲ್ಲಿ. "ಚಿತ್ರಕಥೇಲೇ ಹಾಗಿದೆ."

"ಇಲ್ಲ ಗುರುಗಳೇ, ಹಾಗೆ ಬರೆದಿಲ್ಲ. ದಾಖಲೆ ನನ್ನ ಹತ್ರ ಇದೆ."

ಎಡಮಗ್ಗುಲನ್ನು ಮೇಲೆ ತಂದು, ಪಟ್ಟಿಯನ್ನು ಬಿಗಿಯಾಗಿ ಕಟ್ಟಿದರು. ಆ ಎಡಮಗ್ಗುಲು ಹಾಗೆಯೇ ನೂರು ವರ್ಷ ಮೇಲಿರಲಿ, ಉಮೆಗಾಕಿಯವರ ಬರೆಯುವ ಪೆನ್ಸಿಲ್ಲಿಗೆ ಬಿಡುವು ಸಿಗದಿರಲಿ.