ಇನ್ನೂ ಬಾರದ ಸಾಧನಕ್ಕೆ ಚೀಲ ಹೊಲಿದವರು

ಅವರ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಮತ್ತೆ ಕೂಡಿಕೊಂಡಿತ್ತು. ಎಂದೋ ಹೊಲಿಗೆ ಯಂತ್ರದ ಸೂಜಿ ದಾಟಿ ಹೋದ ಗುರುತು. ಯಾರಾದರೂ ಮೊಬೈಲ್ ಕೊಟ್ಟರೆ ಟೇಪು ಹುಡುಕುತ್ತಿರಲಿಲ್ಲ. ಆ ಹೆಬ್ಬೆರಳನ್ನೇ ಫೋನಿನ ಮೇಲೆ ಮಲಗಿಸಿ ಅಳತೆ ಹಿಡಿಯುತ್ತಿದ್ದರು.

ಉದಯಗಿರಿಯಲ್ಲಿ ನಮ್ಮ ರಸ್ತೆಯ ತಿರುವಿನಲ್ಲಿದ್ದ ಟೈಲರ್ ಅವರು. ಜನ ಮೊಬೈಲನ್ನು ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ ಅವರು ಹೊಲಿದ ಪೌಚುಗಳಿಗೆ ಬೇಡಿಕೆ ಇತ್ತು. ಆಮೇಲೆ ಫೋನು ದೊಡ್ಡದಾಯಿತು, ರಬ್ಬರ್ ಕವರ್ ಬಂತು. ಹೊಸ ಫೋನಿಗಿಂತ ಮೊದಲೇ ಅದರ ಕವರ್ ಅಂಗಡಿಗೆ ಬಂದು ಕೂರುತ್ತಿತ್ತು. ಟೈಲರಿಗೆ ಉಳಿದದ್ದು ಪ್ಯಾಂಟಿನ ಉದ್ದ ಕಡಿಮೆ ಮಾಡುವ ಕೆಲಸ. ಅವರ ಹೆಂಡತಿ ಪಕ್ಕದಲ್ಲಿ ಕೂತು ಕೈಯಲ್ಲಿ ಗುಂಡಿಯ ಕಾಜಾ ಹಾಕುತ್ತಿದ್ದರು. ಯಂತ್ರ ತುಳಿಯುವ ಕೆಲಸ ಮಾತ್ರ ಯಜಮಾನರದ್ದೇ.

ನಾನು ಪತ್ರಿಕೆಯೊಂದರಲ್ಲಿ ತಂತ್ರಜ್ಞಾನದ ಸುದ್ದಿ ನೋಡಿಕೊಳ್ಳುತ್ತೇನೆ. ವಿದೇಶದ ಕಂಪನಿಯೊಂದು ಹೊಸ ಸಾಧನ ತಯಾರಿಸುತ್ತಿದೆ, ಅದಕ್ಕೆ ಪರದೆ ಇಲ್ಲವಂತೆ, ಮಾತಾಡಿಸಿದರೆ ಮಾತಾಡುತ್ತದಂತೆ, ಜೇಬಿನಲ್ಲಿ ಹಿಡಿಯುತ್ತದಂತೆ ಎಂದು ಒಮ್ಮೆ ಬರೆದೆ. ಆಕಾರ, ಗಾತ್ರವನ್ನು ಕಂಪನಿ ಹೇಳಿರಲಿಲ್ಲ. ನಾನೂ ಬರೆಯಲಿಲ್ಲ. ಬೆಳಿಗ್ಗೆ ಟೈಲರ್ ರಸ್ತೆಗೇ ಬಂದು ನನ್ನ ಸ್ಕೂಟರ್ ನಿಲ್ಲಿಸಿದರು.

“ಸಾ, ಪರದೆ ಇಲ್ಲ ಅಂದ್ರೆ ನೋಡೋ ಕೆಲ್ಸ ಇಲ್ಲ. ಮುಚ್ಚಿಟ್ರೂ ನಡೀತದೆ. ಬಟ್ಟೆ ಚೀಲ ಸಾಕು! ಎಷ್ಟು ದಪ್ಪ ಅದೆ?”

“ಗೊತ್ತಿಲ್ಲ.”

“ಅಂದಾಜು?”

“ಅಂದಾಜು ನಾವು ಬರೆಯಲ್ಲ.”

“ಬರೀಬೇಡಿ, ಬಾಯಲ್ಲಿ ಹೇಳಿ!” ಎಂದು ನಕ್ಕರು. ಆಮೇಲೆ ಸ್ಕೂಟರಿನ ಹಿಡಿ ಬಿಡದೆ ಹೇಳಿದರು: “ಒಂದೇ ಒಂದ್ಸಲ, ಸಾ. ಸಾಮಾನಿಗಿಂತ ಮುಂಚೆ ನನ್ನ ಚೀಲ ಬಂದಿರ್ಬೇಕು.”

ಅಂದಿನಿಂದ ಅಂಗಡಿ ಮುಂದೆ ಅದೇ ಚರ್ಚೆ. ಪಕ್ಕದ ಮೆಕ್ಯಾನಿಕ್ ಅದು ಉಂಗುರವೇ ಎಂದು ಪಟ್ಟು ಹಿಡಿದ. ಹೂ ಮಾರುವಾಕೆ, “ಮಾತಾಡೋದು ಅಂದ್ಮೇಲೆ ಬಾಯಿ ಹತ್ರ ಇರ್ಬೇಕಲ್ವಾ? ಕತ್ತಿಗೆ ಹಾಕ್ಕೊಳೋದೇ ಕಣ್ರೀ” ಎಂದಳು. ಯಾರ ಊಹೆಯನ್ನೂ ಟೈಲರ್ ತಳ್ಳಿಹಾಕಲಿಲ್ಲ. ಒಂದೊಂದು ಊಹೆಗೂ ಒಂದೊಂದು ಮಾದರಿ ಹೊಲಿದು ಬಾಗಿಲಿಗೆ ತೂಗುಹಾಕಿದರು. ಕಚೇರಿಗೆ ಹೋದೊಡನೆ ನಾನೂ ಮೊದಲು ಹುಡುಕುತ್ತಿದ್ದುದು ಅದರದೇ ಸುದ್ದಿಯನ್ನು.

ಒಂದು ದಿನ ಬೆಳಿಗ್ಗೆ ಎಲ್ಲರ ಮೊಬೈಲಿಗೂ ಒಂದು ಚಿತ್ರ ಬಂತು. ನುಣುಪಾದ, ದುಂಡು ಕಲ್ಲಿನಂಥ ಸಾಧನ. ನಾನು ಮನೆಯಿಂದ ಹೊರಡುವಷ್ಟರಲ್ಲಿ ಟೈಲರ್ ನೀಲಿ ವೆಲ್ವೆಟ್ ಕತ್ತರಿಸಿ, ಜಿಪ್ಪು ಹಚ್ಚಿ, ದುಂಡನೆಯ ಚೀಲಗಳ ರಾಶಿ ಹಾಕಿದ್ದರು. ಮಧ್ಯಾಹ್ನ ಕಂಪನಿ ಆ ಚಿತ್ರ ತನ್ನದಲ್ಲ ಎಂದಿತು. ಹೇಳಲೇಬೇಕಾದ ಸುದ್ದಿ. ನಾನೇ ಹೋಗಿ ಹೇಳಿದೆ.

ಹೆಂಡತಿ ಕಾಜಾದಿಂದ ತಲೆ ಎತ್ತದೆ, “ಆ ಕಂಪ್ನಿಯವ್ರಿಗೆ ಫೋನ್ ಮಾಡಿ ಅಳ್ತೆ ಕೇಳ್ಬುಡಿ ಸಾರ್, ನಮ್ ಬಟ್ಟೆನಾದ್ರೂ ಉಳೀತದೆ” ಎಂದರು.

ಟೈಲರ್ ಒಂದು ಗಳಿಗೆ ರಾಶಿಯನ್ನೇ ನೋಡಿದರು. ಆಮೇಲೆ ತೊಡೆ ತಟ್ಟಿಕೊಂಡು ನಕ್ಕರು. “ಅವ್ರಿನ್ನೂ ಮಾಡೇ ಇಲ್ಲ, ನಾನು ಮಾಡ್ಬುಟ್ಟೆ ಕಣಮ್ಮಿ! ಈಗ ಯಾರು ಮುಂದೆ?”

ಸುದ್ದಿ ಸುಳ್ಳಾದಾಗ ಅಷ್ಟು ಸಂತೋಷಪಟ್ಟ ಇನ್ನೊಬ್ಬರನ್ನು ನಾನು ಕಂಡಿಲ್ಲ. ಸುಳ್ಳಾದರೆ ಅವರಿಗೆ ಇನ್ನಷ್ಟು ಸಮಯ ಸಿಕ್ಕಂತೆ.

ಕಳೆದ ಶ್ರಾವಣದಲ್ಲಿ ಎದೆನೋವು ಬಂದು ಅವರು ತೀರಿಕೊಂಡರು. ಅಂಗಡಿ ಕೆಲವು ವಾರ ಮುಚ್ಚಿತ್ತು. ಮೊನ್ನೆ ಸಾಧನದ ಬಿಡುಗಡೆಯನ್ನು ಕಂಪನಿ ಮುಂದೂಡಿತು. ನಾನು ಅದನ್ನು ಪುಟ್ಟ ಸುದ್ದಿಯಾಗಿ ಕೊಟ್ಟೆ. ಮರುದಿನ ತಿರುವಿನಲ್ಲಿ ಯಂತ್ರದ ಸದ್ದು ಕೇಳಿ ಸ್ಕೂಟರ್ ನಿಲ್ಲಿಸಿದೆ. ಅವರ ಸ್ಟೂಲಿನ ಮೇಲೆ ಹೆಂಡತಿ ಕೂತಿದ್ದರು. ಎದುರಿಗೆ ಅರ್ಧ ಹೊಲಿದ ಚೀಲ, ಸೊಟ್ಟಗೆ ಕೂತ ಜಿಪ್ಪು.

“ಪೇಪರ್ ನೋಡ್ದೆ ಸಾರ್, ಮುಂದಕ್ಕೋಯ್ತಂತೆ,” ಎಂದರು. ಮುಖ ಅರಳಿತ್ತು. “ಒಳ್ಳೇದಾಯ್ತು ಬುಡಿ. ಜಿಪ್ಪು ಹಾಕೋದು ನಂಗಿನ್ನೂ ಬತ್ತಿಲ್ಲ. ಅದು ಬರೋಷ್ಟ್ರಲ್ಲಿ ಕಲ್ತ್ಬುಡ್ತೀನಿ.”