ಸುಧಿಗೆ ನಡುವೆ ನಿಲ್ಲಿಸಿದ ಮದ್ದು

ಬಿಸಿ ಹರಳೆಣ್ಣೆಯ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಜನ್ಮವೆಲ್ಲ ಬಿಡುವುದಿಲ್ಲ. ಹೋದ ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ, ನೆರೂಳಿನ ನಮ್ಮ ಸೆಕ್ಟರಿನ ಉದ್ಯಾನದಲ್ಲಿ ಬೆಳಗಿನ ನಡಿಗೆ ಮುಗಿಸಿ ಬಂದು ಚಪ್ಪಲಿಯನ್ನು ಅದರ ಜಾಗದಲ್ಲಿ ಇಡುತ್ತಿದ್ದಾಗ ಆ ವಾಸನೆ ಅಡುಗೆಮನೆಯಿಂದ ಬಂತು. ಮಂದವಾದ, ಜಿಡ್ಡಾದ, ಸ್ವಲ್ಪ ಹಳೆ ಬಟ್ಟೆಯಂಥ ವಾಸನೆ, ಅದರ ಹಿಂದೆಯೇ ಶುಂಠಿಯ ಘಾಟು. ಎಷ್ಟೋ ವರ್ಷಗಳಿಂದ ಅದು ನನ್ನ ಮನೆಯೊಳಗೆ ಸುಳಿದಿರಲಿಲ್ಲ, ನಾನು ಸುಳಿಯಗೊಟ್ಟಿರಲಿಲ್ಲ. ಗೋಡೆಗೆ ಕೈಯೂರಿ ನಿಂತುಬಿಟ್ಟೆ. ಕಣ್ಣೆದುರು ಫ್ಲ್ಯಾಟಿನ ಪ್ಯಾಸೇಜು ಇರಲಿಲ್ಲ. ಡೊಂಬಿವಲಿಯ ಸಾಲುಮನೆಗಳ ಚಾಳಿನ ಉದ್ದನೆಯ ಜಗಲಿ ಇತ್ತು. ಗೋಡೆಗೆ ಬೆನ್ನು ಹಚ್ಚಿ ನಾವು ಮಕ್ಕಳೆಲ್ಲ ಸಾಲಾಗಿ ಕೂತಿದ್ದೆವು. ಒಂದು ಕೈಯಲ್ಲಿ ಎಣ್ಣೆಯ ಬಟ್ಟಲು, ಇನ್ನೊಂದರಲ್ಲಿ ಬೆಲ್ಲದ ಚೂರುಗಳನ್ನು ಹಿಡಿದು ಆ ತುದಿಯಿಂದ ಅತ್ಯಾ ಬರುತ್ತಿದ್ದಳು.

ಅತ್ಯಾ ಎಂದರೆ ನನ್ನ ತಂದೆಯ ಅಕ್ಕ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಗದಗಿನಿಂದ ತಮ್ಮನ ಮನೆಗೆ ಬಂದವಳು. ಅಪ್ಪನೂ ಅವ್ವನೂ ಲೋಕಲ್ ಹಿಡಿದು ಮುಂಬಯಿಗೆ ಕೆಲಸಕ್ಕೆ ಹೋಗುತ್ತಿದ್ದುದರಿಂದ ನಮ್ಮನ್ನೂ ಪಕ್ಕದ ಖೋಲಿಯಲ್ಲಿದ್ದ ಕಾಕಾನ ಮಕ್ಕಳನ್ನೂ ಬೆಳೆಸಿದವಳು ಅವಳೇ. ನಳಕ್ಕೆ ನೀರು ಬರುವ ಮೊದಲೇ ಏಳುವಳು. ಪೀಪಾಯಿ ತುಂಬಿಸಿ, ಸೀಮೆಎಣ್ಣೆ ಸ್ಟೋವಿಗೆ ಗಾಳಿ ಹೊಡೆದು, ಒಗ್ಗರಣೆಯ ಸಾಸಿವೆ ಸಿಡಿಯುವ ಹೊತ್ತಿಗೆ ನಮ್ಮನ್ನು ಎಬ್ಬಿಸುವಳು. ಹೊದಿಕೆಯ ಮೂಲೆಗೆ ಮೂಲೆ ಕೂಡದಿದ್ದರೆ ಬಿಚ್ಚಿ ಮತ್ತೆ ಮಡಿಸಬೇಕು. ತಾಟಿನಲ್ಲಿ ಅಗುಳು ಉಳಿಯುವ ಹಾಗಿಲ್ಲ. ಮುಂದೆ ನಾನು ರಬಾಳೆಯ ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್ ಆದಾಗ ಜನ ನನ್ನ ಶಿಸ್ತಿಗೆ ಹೆದರುತ್ತಿದ್ದರು. ಅದೆಲ್ಲ ಅತ್ಯಾನ ಕೈಯಲ್ಲಿ ಕಲಿತದ್ದು, ಇಂದಿಗೂ ಅದರಲ್ಲಿ ಒಂದನ್ನೂ ಬಿಟ್ಟಿಲ್ಲ. ಆ ಚಾಳು ಈಗಿಲ್ಲ, ಅದರ ಜಾಗದಲ್ಲಿ ಎತ್ತರದ ಕಟ್ಟಡ ನಿಂತಿದೆ. ಆದರೆ ಬೆಳಿಗ್ಗೆ ಎದ್ದು ಹೊದಿಕೆ ಮಡಿಸುವಾಗ ಬೆನ್ನ ಹಿಂದೆ ಅವಳು ನಿಂತು ನೋಡುತ್ತಿದ್ದಾಳೆಂದೇ ನನಗೆ ಅನಿಸುತ್ತದೆ.

ಚಾಳಿನ ಹಿಂದೆ ಸಂಡಾಸಗಳ ಒಂದು ಸಾಲು, ಎಲ್ಲ ಮನೆಗಳಿಗೂ ಅಷ್ಟೇ. ಬೆಳಿಗ್ಗೆ ಅಲ್ಲಿ ಫಿನೈಲಿನ ವಾಸನೆ, ಒದ್ದೆ ಫರಸಿಕಲ್ಲು, ತಗಡಿನ ಬಾಗಿಲುಗಳ ಸದ್ದು, ಡಬ್ಬಿ ಹಿಡಿದು ನಿಂತವರ ಹರಟೆ. ಅಲ್ಲಿ ಒಂದು ಪದ್ಧತಿ ಇತ್ತು, ಗಾಡಿಯವರು ಮೊದಲು. ಲೋಕಲ್ ಹಿಡಿಯಬೇಕಾದವರು ಎಷ್ಟು ತಡವಾಗಿ ಬಂದರೂ ಸಾಲಿನ ಮುಂದೆ ಹೋಗಿ ನಿಲ್ಲುವರು, ಮಕ್ಕಳು ತಾವಾಗಿ ಹಿಂದೆ ಸರಿಯುವರು. ಯಾರಿಗೂ ಅದು ಅನ್ಯಾಯವೆನಿಸಲಿಲ್ಲ. ಗಾಡಿ ತಪ್ಪಿದರೆ ಸಾಹೇಬರಿಂದ ಮಾತು ಕೇಳಬೇಕಾದವರು ಅವರು. ಕೊನೆಗೆ ಮಗುವಿನ ಪಾಳಿ ಬಂದು ಅದು ಒಳಗೆ ಕೂತರೂ ಯಾರಾದರೊಬ್ಬರು ಓಡಿ ಬಂದು ಬಾಗಿಲು ಬಡಿಯುವರು. "ಯಾರದು ಒಳಗ? ಲೌಕರ್, ಜಲ್ದಿ ಬಾ, ಗಾಡಿ ತಪ್ಪತದ!" ನಾನು ಒರಟ, ಯಾರು ಬಡಿದರೂ ಏಳುತ್ತಿರಲಿಲ್ಲ. ನನ್ನ ತಂಗಿ ಸುಧಿ ಹಾಗಲ್ಲ. ಬಡಿದ ಕೂಡಲೇ ಎದ್ದು ಹೊರಗೆ ಬರುವಳು.

ಸುಧಿ ತೆಳ್ಳಗೆ, ಎರಡು ಜಡೆ, ಮಾತು ಕಡಿಮೆ. ಅವಳು ತುದಿಗಾಲಲ್ಲಿ ನಿಂತು, ಕಾಲಿಗೆ ಕಾಲು ಹೆಣೆದು, ಪೀಪಾಯಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಳ್ಳುವಳು. ಮುಖ ಕೆಂಪೇರುವುದು. ಆಮೇಲೆ ನಿಧಾನವಾಗಿ ಬಣ್ಣ ಇಳಿದು, ನಕ್ಕು, "ಹೋತು" ಎನ್ನುವಳು. ಅವಸರ ಹೋಯಿತು ಎಂದು ಅರ್ಥ. ಅತ್ಯಾನಿಗೆ ಅದೊಂದು ಹೆಮ್ಮೆ. ಪಕ್ಕದ ಮನೆಯವರಿಗೆಲ್ಲ ಹೇಳುವಳು: "ನಮ್ಮ ಸುಧಿ ಭಾಳ ಶಾಣ್ಯಾಕಿ ನೋಡ್ರಿ, ಎಷ್ಟೊತ್ತಾದ್ರೂ ತಡಕೋತಾಳ. ಈ ಗಂಡಸು ಅದಾನಲ್ಲ, ಒಂದು ಗಳಿಗಿ ತಾಳೂದಿಲ್ಲ." ಗಂಡಸು ಎಂದರೆ ನಾನು. ಎಲ್ಲರೂ ನಗುವರು, ಸುಧಿಯೂ ನಗುವಳು. ಹೊಗಳಿಕೆಗೆ ಹಿಗ್ಗಿ ಮರುದಿನ ಇನ್ನಷ್ಟು ತಡೆದುಕೊಳ್ಳುವಳು. ಹೀಗೆ ತಡೆದು ತಡೆದು ಅವಳ ಹೊಟ್ಟೆ ಕಲ್ಲಾಯಿತು. ತಿಂಗಳಿಗೊಮ್ಮೆ ಭಾನುವಾರ ಎಲ್ಲ ಮಕ್ಕಳ ಹೊಟ್ಟೆ ತೊಳೆಯಲು ಅತ್ಯಾ ಹರಳೆಣ್ಣೆ ಕುಡಿಸಿದಾಗ ನಮಗೆಲ್ಲ ಅದು ಮುಖ ಸಿಂಡರಿಸಿ ನಗುವ ಸಂಕಟ. ಸುಧಿಗೆ ಮಾತ್ರ ನಿಜವಾದ ಸಂಕಟ. ಹೊಟ್ಟೆ ಮುರಿದು ಅವಳು ಚೌಕಟ್ಟು ಹಿಡಿದು ಅತ್ತರೆ ಇಡೀ ಚಾಳಿಗೆ ಕೇಳುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಆಮೇಲೆ ಶುರುವಾಯಿತು. ಶಾಲೆಯಿಂದ ಬರುವಾಗ ಅವಳ ಚಡ್ಡಿಯಲ್ಲಿ ಕಲೆ ಇರುತ್ತಿತ್ತು. "ಇಷ್ಟು ದೊಡ್ಡಾಕಿ ಆಗೀದಿ, ನಾಚಿಕಿ ಬರೂದಿಲ್ಲೇನ?" ಎಂದು ಅತ್ಯಾ ಗದರಿದರೆ, "ನನಗ ಗೊತ್ತ ಆಗಲಿಲ್ಲ ಅತ್ಯಾ" ಎನ್ನುವಳು. ಯಾರೂ ನಂಬಲಿಲ್ಲ. ಗೊತ್ತಾಗದೆ ಆಗುವಂಥದೇ ಅದು? ಕೊನೆಗೆ ಅವಳು ಹೇಳುವುದನ್ನೇ ಬಿಟ್ಟಳು. ತಾನೇ ಒಗೆದು, ಮಂಚದ ಕೆಳಗೆ ಯಾರಿಗೂ ಕಾಣದಂತೆ ಒಣಗಹಾಕುವಳು.

ಅಪ್ಪ ಅವಳನ್ನು ಸ್ಟೇಷನ್ ಹತ್ತಿರದ ಡಾಕ್ಟರರ ಬಳಿ ಕರೆದೊಯ್ದರು. ಅವರು ಒಂದು ಸಿಹಿ ಔಷಧ ಕೊಟ್ಟು, ನಾನು ಸಾಕು ಅನ್ನುವತನಕ ದಿನಾ ಕೊಡಿ ಎಂದಿದ್ದರು. ಅತ್ಯಾ ಬಹಳ ನಿಷ್ಠೆಯಿಂದ ಕೊಟ್ಟಳು. ಕೆಲವೇ ದಿನಗಳಲ್ಲಿ ಸುಧಿಯ ಮುಖ ಗೆಲುವಾಯಿತು, ಊಟ ರುಚಿಸಿತು, ಜಗಲಿಯಲ್ಲಿ ಕುಂಟಬಿಲ್ಲೆ ಆಡಿದಳು. ಆಗ ಅತ್ಯಾ ಬಾಟಲಿಗೆ ಬಿರಡೆ ಹಾಕಿ ಮೇಲಿನ ಹಲಗೆಯ ಮೇಲಿಟ್ಟಳು. "ಬಂತಲ್ಲ, ಇನ್ನ ಎದಕ್ಕ? ದಿನಾ ಕೊಟ್ರ ಚಟಾ ಹತ್ತತದ. ಆಮ್ಯಾಲೆ ಔಷಧ ಇಲ್ಲದ ಕರುಳು ನಡಿಯೂದಿಲ್ಲ." ಅಪ್ಪನೂ ತಲೆಯಾಡಿಸಿದರು. ನಮ್ಮ ಮನೆಯಲ್ಲಿ ಮಕ್ಕಳಿಗೆ ಯಾವುದರ ಚಟವೂ ಹತ್ತಬಾರದಿತ್ತು, ಚಹಾದ್ದಾಗಲಿ, ಎರಡನೆಯ ದಿಂಬಿನದಾಗಲಿ. ಮಗುವಿನ ಒಳ್ಳೆಯದಕ್ಕೇ ಅವಳು ನಿಲ್ಲಿಸಿದ್ದು. ಸ್ವಲ್ಪ ದಿನಕ್ಕೆ ಮತ್ತೆ ಕಲ್ಲು, ಮತ್ತೆ ಅಳು, ಮತ್ತೆ ಬಾಟಲಿ ಕೆಳಗೆ. ಸರಿಹೋಯಿತು ಅನ್ನುವಷ್ಟರಲ್ಲಿ ಮತ್ತೆ ಮೇಲೆ. ಸುಧಿಯ ಬಾಲ್ಯ ಆ ಬಾಟಲಿಯ ಜೊತೆ ಏರುತ್ತ ಇಳಿಯುತ್ತ ಮುಗಿದುಹೋಯಿತು.

ದೊಡ್ಡವಳಾದ ಮೇಲೆ ಅವಳು ಕಲ್ಯಾಣದ ಒಂದು ಶಾಲೆಯ ಕಚೇರಿಯಲ್ಲಿ ಕೆಲಸ ಮಾಡುತ್ತ ಅಲ್ಲೇ ಒಬ್ಬಳೇ ಇದ್ದಳು. ಮದುವೆ ಬೇಡವೆಂದಳು. ಅದಕ್ಕೆ ಇದೇ ಕಾರಣವೆಂದು ನಾನು ಹೇಳಲಾರೆ. ಆದರೆ ಯಾರ ಮನೆಯಲ್ಲೂ ಅವಳು ರಾತ್ರಿ ಉಳಿದದ್ದಿಲ್ಲ, ನನ್ನ ಮನೆಯಲ್ಲೂ ಇಲ್ಲ. ಊರಿಗೆ ಹೋಗುವ ಉದ್ದ ಪ್ರಯಾಣವೆಂದರೆ ಹಿಂದಿನ ದಿನದಿಂದಲೇ ಉಪವಾಸ. ಹಬ್ಬದ ಊಟ ಮುಗಿದು ನಾವೆಲ್ಲ ಹರಟುತ್ತ ಕೂತಾಗ ಅವಳು ಚೀಲ ಎತ್ತಿಕೊಂಡು, "ಗಾಡಿ ಅದ ಅಣ್ಣಾ" ಎಂದು ಎದ್ದುಬಿಡುವಳು. ಕೆಲವು ವರ್ಷಗಳ ಹಿಂದೆ ಹೃದಯದ ಬೇನೆಯಿಂದ ತೀರಿಕೊಂಡಳು. ಅಪ್ಪ, ಅವ್ವ, ಅತ್ಯಾ ಅವಳಿಗಿಂತ ಎಷ್ಟೋ ಮೊದಲೇ ಹೋಗಿದ್ದರು. ಚಾಳಿನ ಆ ಬೆಳಗುಗಳನ್ನು ಕಂಡವನು ಈಗ ನಮ್ಮ ಮನೆಯಲ್ಲಿ ನಾನೊಬ್ಬನೇ.

ಮೊಮ್ಮಗಳು ಅನ್ವಿ ಶಾಲೆಗೆ ಸೇರಿದ ವರ್ಷ ಪರದೆಯ ಹಿಂದೆ ತುದಿಗಾಲಲ್ಲಿ ನಿಂತು ಕಾಲು ಹೆಣೆದದ್ದನ್ನು ಕಂಡಾಗ ನನಗೆ ಸುಧಿಯೇ ಎದುರು ನಿಂತ ಹಾಗಾಯಿತು. ಮನೆಯವರು ಆಟವೆಂದುಕೊಂಡಿದ್ದರು. ಸೊಸೆ ವಿದ್ಯಾಳನ್ನು ಹೊರಡಿಸಿ ಅಂದೇ ವಾಶಿಯ ಮಕ್ಕಳ ಡಾಕ್ಟರರ ಬಳಿ ಹೋದೆವು. ಆಕೆ ಒಂದು ಕಾಗದದ ಮೇಲೆ ಕರುಳಿನ ಚಿತ್ರ ಬರೆದು ತಿಳಿಸಿದರು. ತಡೆದು ತಡೆದು ಮಲ ಗಟ್ಟಿಯಾಗಿ ತುಂಬಿಕೊಂಡರೆ ಕರುಳಿನ ಕೊನೆ ಹಿಗ್ಗಿಬಿಡುತ್ತದೆ, ಹಿಗ್ಗಿದ ಮೇಲೆ ಅದಕ್ಕೆ ಸೂಚನೆ ತಿಳಿಯುವುದಿಲ್ಲ, ಗಟ್ಟಿಯಾದದ್ದರ ಬದಿಯಿಂದ ತೆಳ್ಳಗಿನದು ಸೋರುತ್ತದೆ. ಮಗುವಿಗೆ ನಿಜವಾಗಿಯೂ ಗೊತ್ತಾಗುವುದಿಲ್ಲ, ಬೈಯಬೇಡಿ ಎಂದರು. ಸುಧಿ ಸುಳ್ಳು ಹೇಳಿರಲಿಲ್ಲ. ಅದನ್ನು ಅವಳಿಗೆ ಹೋಗಿ ಹೇಳೋಣವೆಂದರೆ ಕಲ್ಯಾಣದಲ್ಲಿ ಬಡಿಯಲು ಅವಳ ಬಾಗಿಲೇ ಈಗ ಇರಲಿಲ್ಲ.

ದಿನಾ ನೀರಿನಲ್ಲಿ ಕದಡಿ ಕೊಡಲು ಡಾಕ್ಟರರು ಒಂದು ಪುಡಿ ಬರೆದುಕೊಟ್ಟರು. ನಾನು ಕೇಳಬೇಕಾದದ್ದನ್ನು ನೇರವಾಗಿ ಕೇಳಿದೆ. ಈ ಪುಡಿಯನ್ನು ತಿಂಗಳುಗಟ್ಟಲೆ ಕೊಟ್ಟರೆ ಕರುಳು ಸೋಮಾರಿಯಾಗುವುದಿಲ್ಲವೇ, ಮೈಗೆ ಕೇಡಿಲ್ಲವೇ? ಆಕೆಗೆ ಬೇಸರವಾಗಲಿಲ್ಲ. ಈ ಪುಡಿ ನೀರನ್ನು ಹಿಡಿದಿಟ್ಟು ಮಲವನ್ನು ಮೆತ್ತಗಿಡುತ್ತದೆ, ಮೈಯೊಳಗೆ ಸೇರುವುದು ತೀರ ಕಡಿಮೆ, ಮಲದ ಜೊತೆಗೇ ಹೊರಗೆ ಹೋಗುತ್ತದೆ. ಮಕ್ಕಳಿಗೆ ಬಹಳ ಕಾಲ ಕೊಟ್ಟು ನೋಡಿದವರು ಇದರಿಂದ ಕರುಳಿಗೆ ಚಟ ಹತ್ತಿದ್ದನ್ನು ಕಂಡಿಲ್ಲ. ಹೊಟ್ಟೆ ಉಬ್ಬರಿಸಿದರೆ, ತೀರ ತೆಳುವಾದರೆ ಪ್ರಮಾಣ ಇಳಿಸಬೇಕು, ಅದಕ್ಕಾಗಿಯೇ ತಪಾಸಣೆಗೆ ಬರುತ್ತಿರಬೇಕು. ಹೆಚ್ಚಿನ ಮಕ್ಕಳಲ್ಲಿ ತೊಂದರೆ ಮರಳುವುದು ಔಷಧದಿಂದಲ್ಲ, ಬೇಗ ನಿಲ್ಲಿಸಿದ್ದರಿಂದ. ಹಿಗ್ಗಿದ್ದು ಕುಗ್ಗಿ ಮೊದಲಿನ ಹಾಗಾಗಲು ತಿಂಗಳುಗಳು ಬೇಕು, ನಿಲ್ಲಿಸುವಾಗಲೂ ಸ್ವಲ್ಪಸ್ವಲ್ಪವೇ ಇಳಿಸಬೇಕು. ಮನೆಗೆ ಬಂದವನೇ ಇದನ್ನು ನನ್ನ ಪಾಳಿಯ ಕೆಲಸ ಮಾಡಿಕೊಂಡೆ. ಪುಡಿ ಕದಡುವುದು, ತಿಂಡಿಯಾದ ಮೇಲೆ ಕಾಲ ಕೆಳಗೆ ಮಣೆಯಿಟ್ಟು ಅವಳನ್ನು ಕೂಡಿಸುವುದು, ಬಾಗಿಲ ಹೊರಗೆ ಕಾಯುವುದು. "ಅಜ್ಜಾ, ನಹೀ ಆ ರಹಾ!" ಎಂದು ಅವಳು ಒಳಗಿನಿಂದ ಕೂಗಿದರೆ, "ಬರದಿದ್ರ ಬ್ಯಾಡ, ಹಾಡು ಹೇಳು" ಎನ್ನುತ್ತಿದ್ದೆ.

ಹೀಗೆ ಎಲ್ಲ ಹಳಿಗೆ ಬಂದಿದ್ದಾಗಲೇ ಆ ಭಾನುವಾರ ಹರಳೆಣ್ಣೆಯ ವಾಸನೆ ಬಂದದ್ದು. ಒಳಗೆ ಹೋದೆ. ವಿದ್ಯಾಳ ತಾಯಿ ಸುಮತಿಬಾಯಿ ವಾಶಿಯಿಂದ ಬಂದಿದ್ದರು. ಉಡುಪಿ ಕಡೆಯವರು, ಮನೆಯವರದು ಹೋಟೆಲು, ಅಡುಗೆಮನೆಗೆ ಕಾಲಿಟ್ಟರೆ ಅದು ಅವರದೇ. ಒಲೆಯ ಮೇಲೆ ಬಟ್ಟಲು, ಪುಡಿಯ ಡಬ್ಬಿ ಮೇಲಿನ ಹಲಗೆಗೆ ಹೋಗಿತ್ತು. ಕೈಚಾಚಿ ಒಲೆ ಆರಿಸಿದೆ.

"ಎಂತ ರಾಯರೆ, ಒಲೆ ಯಾಕೆ ಆರಿಸಿದ್ದು?"

"ಎಣ್ಣಿ ಬ್ಯಾಡ್ರಿ ಸುಮತಿಬಾಯಾರ. ಪುಡಿ ನಡದದ."

"ಅದೇ ನಾನು ಹೇಳೂದು. ಎಷ್ಟು ತಿಂಗಳು ಮಾರಾಯ್ರೆ! ವಾಟ್ಸಾಪಿನಲ್ಲಿ ಬಂದಿದೆ, ಅದು ಎಂತದೋ ಪ್ಲಾಸ್ಟಿಕ್ ಜಾತಿಯದ್ದಂತೆ. ನಿಮ್ಮದೆಲ್ಲ ಕಂಪೆನಿ ಲೆಕ್ಕ. ಮಗುವಿನ ಹೊಟ್ಟೆಗೂ ಸೈರನ್ ಉಂಟಾ?"

ವಿದ್ಯಾ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖದಲ್ಲಿ ಹಟವಿರಲಿಲ್ಲ, ಭಯವಿತ್ತು. "ಮಾವ, ಈಗ ಸರಿಯಾಗಿ ಆಗ್ತಾ ಉಂಟಲ್ಲ. ಇನ್ನು ಯಾಕೆ? ಅಭ್ಯಾಸ ಆಗಿಬಿಟ್ಟರೆ?"

ಅತ್ಯಾನ ಮಾತೇ ಬೇರೆ ಸೀಮೆಯ ಕನ್ನಡದಲ್ಲಿ ಬಂದು ನನ್ನೆದುರು ನಿಂತಿತ್ತು. ನನಗೆ ಸಿಟ್ಟು ಬರಲಿಲ್ಲ. ಕುರ್ಚಿ ಎಳೆದು ಕೂತು, ಅವರಿಬ್ಬರನ್ನೂ ಕೂಡಿಸಿ, ಸುಧಿಯ ಕತೆಯನ್ನು ಮೊದಲಿನಿಂದ ಹೇಳಿದೆ. ಡಾಕ್ಟರರ ಮಾತುಗಳನ್ನೂ ಒಂದೊಂದಾಗಿ ಹೇಳಿದೆ, ಹರಳೆಣ್ಣೆಯಂಥ ಭೇದಿಯ ಔಷಧದಿಂದ ಹೊಟ್ಟೆ ಮುರಿಯುತ್ತದೆ, ಒಮ್ಮೆ ನೋವು ತಿಂದ ಮಗು ಇನ್ನಷ್ಟು ತಡೆದುಕೊಳ್ಳುತ್ತದೆ ಎಂದದ್ದನ್ನೂ. "ಪ್ಲಾಸ್ಟಿಕ್ ಸುದ್ದಿ ನಾನೂ ಓದೀನಿ. ಮುಂದಿನ ಸಲ ನೀವೂ ಬರ್ರಿ, ಡಾಕ್ಟರರನ್ನ ನೀವ ಕೇಳ್ರಿ. ಅಲ್ಲೀತನಕ ಈ ಮನ್ಯಾಗ ಪುಡಿ ಒಂದು ದಿನಾನೂ ನಿಲ್ಲೂದಿಲ್ಲ. ಇದು ನನ್ನ ಕಡೀ ಮಾತು."

"ಪಾಪ, ಹೇಳಿದ್ದು ಯಾರೂ ನಂಬಲಿಲ್ಲ ಅಲ್ವಾ" ಎಂದರು ಸುಮತಿಬಾಯಿ. ಎದ್ದು, ಸ್ಟೂಲು ಹತ್ತಿ, ಡಬ್ಬಿಯನ್ನು ತಾವೇ ಕೆಳಗಿಳಿಸಿ ಸೆರಗಿನಿಂದ ಒರೆಸಿದರು. ಒಂದು ಲೋಟ ತೊಳೆದು ನನ್ನ ಕಡೆ ತಿರುಗಿದರು.

"ಎಷ್ಟು ನೀರು ಹಾಕುದು ರಾಯರೆ?"

ತೋರಿಸಿದೆ. ಅವರು ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡಿ, ಒಂದು ಗುಟುಕು ಹೆಚ್ಚಾದದ್ದನ್ನು ಚೆಲ್ಲಿ ಸರಿಮಾಡಿದರು. ಆ ನಿಖರತೆ ನನಗೆ ಪರಿಚಿತವಾದದ್ದು. ನಮ್ಮ ಅತ್ಯಾನ ಬಳಿ ಯಾರೂ ಹೀಗೆ ಕೂತು ಮಾತಾಡಲಿಲ್ಲ. ಡಾಕ್ಟರರು ಅಪ್ಪನಿಗೆ ಹೇಳಿದರು, ಅಪ್ಪ ಬಾಗಿಲಲ್ಲಿ ನಿಂತೇ ಅವಳಿಗೆ ಹೇಳಿ ಗಾಡಿಗೆ ಓಡಿದರು. ಯಾರಾದರೂ ಒಬ್ಬರು ಮಣೆ ಹಾಕಿ ಕೂತು ತಿಳಿಸಿದ್ದರೆ ಅವಳೂ ಎಷ್ಟು ನೀರು ಎಂದೇ ಕೇಳುತ್ತಿದ್ದಳು. ಆಮೇಲೆ ಒಂದು ಬೆಳಗನ್ನೂ ತಪ್ಪಿಸುತ್ತಿರಲಿಲ್ಲ.