ಹುಲುಗಪ್ಪಣ್ಣನ ಗುಡ್ಡದ ರಕ್ತ

ಯಾವ ಊರಿನವನು, ಏನು ಉಣ್ಣುತ್ತಾನೆ ಎಂಬ ಎರಡೇ ಪ್ರಶ್ನೆ ಕೇಳಿ ಹುಲುಗಪ್ಪಣ್ಣ ಯಾರ ಬಿಪಿಯನ್ನಾದರೂ ಹೇಳಿಬಿಡುತ್ತಿದ್ದ. ಕೈ ಮುಟ್ಟುತ್ತಿರಲಿಲ್ಲ, ಪಟ್ಟಿ ಕಟ್ಟುತ್ತಿರಲಿಲ್ಲ. ನಮ್ಮ ದವಾಖಾನೆಯ ಮುಂದಿನ ಬೇವಿನ ಮರದ ಕೆಳಗೆ ಕುಕ್ಕರಗಾಲಲ್ಲಿ ಕೂತು, ಮೆಡಿಕಲ್ ತಪಾಸಣೆಗೆ ಸಾಲು ನಿಂತವರನ್ನು ನೋಡುತ್ತ ತೀರ್ಪು ಕೊಡುತ್ತಿದ್ದ.

"ಈತ ಗುಂಟೂರು ಕಡ್ಯಾತ, ಉಪ್ಪಿನಕಾಯಿ ಮನುಷ್ಯ. ಕುಂತಲ್ಲೇ ನೂರಾ ಅರವತ್ತು. ಆತ ಬಿಹಾರಿ, ಸಾಸಿವಿ ಎಣ್ಣಿ ರಕ್ತ, ತಾನ ಜಾರತೈತಿ. ಕಂಪ್ಲಿ ಗಿರಣಿ ಸಾವ್ಕಾರ್ರದು ಕುರ್ಚಿ ಬಿಪಿ. ನೀ ಎಮ್ಮಿಗನೂರಿನಾಕಿ, ಗದ್ದಿ ಅನ್ನ ಉಂಡಾಕಿ, ನಿಂದು ತಂಪು. ನಮ್ಮದು ಗುಡ್ಡದ ರಕ್ತ, ತಂಗಿ. ನಮ್ಮಜ್ಜ ಸಂಡೂರು ಗುಡ್ಡದಾಗ ಅದಿರು ಒಡದಾತ. ನಮ್ಮ ಮಂದಿಗೆ ಬಿಪಿ ಏನೂ ಮಾಡಂಗಿಲ್ಲ."

ವಡ್ಡು ಎಂಬ ಊರಿನ ಹತ್ತಿರದ ಎರಡು ಕೋಣೆಯ ಆ ದವಾಖಾನೆಯಲ್ಲಿ ನಾನು ನರ್ಸ್. ಕಾರ್ಖಾನೆಗೆ ಹೋಗುವ ಗುತ್ತಿಗೆ ಕಾರ್ಮಿಕರ ತೂಕ, ಕಣ್ಣು, ಬಿಪಿ ನೋಡಿ ಬರೆಯುವುದು ನನ್ನ ಕೆಲಸ. ಎತ್ತರದಲ್ಲಿ ದುಡಿಯುವವರಿಗೆ ಹೈಟ್ ಪಾಸ್ ಬೇಕು. ಬಿಪಿ ಹೆಚ್ಚಿದ್ದರೆ ಪಾಸ್ ಇಲ್ಲ. ಪಾಸ್ ಇಲ್ಲದವನು ಕೆಳಗೆ ಕಸ ಗುಡಿಸಬೇಕು. ಹುಲುಗಪ್ಪಣ್ಣ ಚಿಮಣಿ ಸುತ್ತ ಪೈಪಿನ ಅಟ್ಟ ಕಟ್ಟುವ ತಂಡದ ಮೇಸ್ತ್ರಿ. ಐವತ್ತು ದಾಟಿದ್ದರೂ ಒಂದು ಚೂರು ಬೊಜ್ಜಿರಲಿಲ್ಲ.

ತಂಡದವರ ಬಿಪಿ ಇಳಿಸುವ ಹೊಣೆಯನ್ನೂ ಅವನೇ ಹೊತ್ತಿದ್ದ. ಮೆಡಿಕಲ್ ದಿನ ಎಲ್ಲರೂ ಒಂದು ಗಂಟೆ ಮೊದಲೇ ಬಂದು, ನಳದಲ್ಲಿ ಕಾಲು ತೊಳೆದು, ಮರದ ಕೆಳಗೆ ಬಾಯಿ ಮುಚ್ಚಿಕೊಂಡು ಕೂರಬೇಕು. ಒಡಿಶಾದವರಿಗೆ, "ಊರಿಗೆ ಫೋನ್ ಹಚ್ಚಿ ಅವ್ವನ ಕೂಡ ಮಾತಾಡ್ರಿ," ಎನ್ನುತ್ತಿದ್ದ. ವಡ್ಡಿನವರಿಗೆ ಮಾತ್ರ, "ಮನಿ ಫೋನ್ ಬಂದ್ರ ಎತ್ತಬ್ಯಾಡ್ರಲೇ." ನಗು ಬರುತ್ತಿತ್ತು, ಆದರೆ ಅವನ ಮಂದಿಯ ಬಿಪಿ ನಿಜಕ್ಕೂ ಕೊಂಚ ಇಳಿದೇ ಇರುತ್ತಿತ್ತು.

ಇಳಿಯದೆ ಉಳಿದದ್ದು ಅವನದೇ. ಮೊದಲ ಸಲ ಪಟ್ಟಿ ಕಟ್ಟಿದಾಗ ನೂರ ಎಪ್ಪತ್ತು ಬೈ ನೂರ ಹತ್ತು. ಅವನು ಯಂತ್ರವನ್ನು ತಿರುಗಿಸಿ ನೋಡಿದ. "ಇದನ್ನ ಬಿಳಿ ಮಂದಿ ರಟ್ಟಿ ನೋಡಿ ಮಾಡ್ಯಾರ. ನಮ್ಮ ರಟ್ಟಿ ಬಿಗಿ, ಹೆಚ್ಚಿಗಿ ತೋರಸ್ತೈತಿ." ಡಾಕ್ಟರರು ದಿನಾ ನುಂಗಲು ಮಾತ್ರೆ ಬರೆದುಕೊಟ್ಟರು. ಪರೀಕ್ಷೆ ಹತ್ತಿರ ಬಂದಾಗ ಪುಸ್ತಕ ಹಿಡಿಯುವವರ ಹಾಗೆ ಅವನು ಮೆಡಿಕಲ್‌ಗೆ ಮೂರು ದಿನ ಮೊದಲು ಮಾತ್ರ ಅವನ್ನು ನುಂಗುತ್ತಿದ್ದ. ಬೈದರೆ, "ಮಾತ್ರಿ ಬೇಕಾಗಿರೋದು ನಿನ್ನ ಮಿಷನ್ನಿಗೆ ತಂಗಿ, ನನಗಲ್ಲ," ಎಂದು ನಗುತ್ತಿದ್ದ.

ಒಮ್ಮೆ ಹೊಸಪೇಟೆಯಲ್ಲಿ ನಮಗೆಲ್ಲ ಒಂದು ದಿನದ ತರಬೇತಿ ಇತ್ತು. ಅಲ್ಲಿ ದೊಡ್ಡ ಡಾಕ್ಟರೊಬ್ಬರು, ಬಿಪಿ ಎಲ್ಲ ಜನಾಂಗಗಳಲ್ಲೂ ಒಂದೇ ಥರ ಇರುವುದಿಲ್ಲ ಎಂದರು. ಕೆಲವರಲ್ಲಿ ಬೇಗ ಶುರುವಾಗುತ್ತದೆ, ಕೆಲವರಿಗೆ ಉಪ್ಪು ಹೆಚ್ಚು ಕೆಡುಕು ಮಾಡುತ್ತದೆ, ಒಬ್ಬರಿಗೆ ನಾಟುವ ಮಾತ್ರೆ ಇನ್ನೊಬ್ಬರಿಗೆ ಅಷ್ಟಾಗಿ ನಾಟದು. ಆದ್ದರಿಂದ ಯಾರನ್ನೂ ಬಿಡದೆ ನೋಡಿ, ಮಾತ್ರೆ ಹೊಂದದಿದ್ದರೆ ಬದಲಿಸಿ, ನಿಲ್ಲಿಸಲು ಮಾತ್ರ ಬಿಡಬೇಡಿ ಎಂದೂ ಹೇಳಿದರು.

ಮರುದಿನ ಹುಲುಗಪ್ಪಣ್ಣ ಯಾರನ್ನೋ ಕರೆದುಕೊಂಡು ಬಂದಿದ್ದ. ಚೇಷ್ಟೆಗೆ ಹೇಳಿದೆ: "ನಿನ್ನ ಮಾತಿನಾಗೂ ಖರೆ ಐತಿ ನೋಡಣ್ಣ. ಒಂದೊಂದು ಮಂದಿಗೆ ಬಿಪಿ ಒಂದೊಂಥರ ಅಂತ ದೊಡ್ಡ ಡಾಕ್ಟರ್ರ ಹೇಳಿದ್ರು." ಅಷ್ಟರಲ್ಲಿ ಸಾಲಿನಲ್ಲಿದ್ದವರು ಗದ್ದಲ ಮಾಡಿದರು. ನಾನು ಮುಂದಿನವನನ್ನು ಕರೆದೆ. ಉಳಿದರ್ಧ ಬಾಯಲ್ಲೇ ಉಳಿಯಿತು.

ಸಂಜೆಯೊಳಗೆ ಕ್ಯಾಂಟೀನಿನಲ್ಲೆಲ್ಲ ಅದೇ ಮಾತು. "ಸಿಸ್ಟರಮ್ಮನ ಹೇಳ್ಯಾಳ." ನನ್ನ ಮಾತಿಗೆ ಇಷ್ಟು ಬೆಲೆ ಬಂತಲ್ಲ ಎಂದು ಒಳಗೊಳಗೇ ಹಿಗ್ಗಿದೆ, ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಮುಂದಿನ ಮೆಡಿಕಲ್‌ಗೆ ಅವನು ಆ ಮೂರು ದಿನದ ಮಾತ್ರೆಯನ್ನೂ ನುಂಗದೆ ಬಂದ. ಬೈದೆ. "ನೀನ ಹೇಳಿದ್ಯಲ್ಲ ತಂಗಿ!" ಎಂದ. ಉಳಿದರ್ಧ ಹೇಳುವ ಬದಲು ಪಟ್ಟಿ ಕಟ್ಟಿದೆ, ಬಿಪಿ ಪಾಸಿನ ಗೆರೆ ದಾಟಿತ್ತು. ಮೇಸ್ತ್ರಿಯ ಕೈಗೆ ಕಸಬರಿಗೆ ಕೊಡಲು ಮನಸ್ಸಾಗಲಿಲ್ಲ. ಫ್ಯಾನಿನ ಕೆಳಗೆ ಮಲಗಿಸಿ ಮತ್ತೆ ಮತ್ತೆ ನೋಡಿದೆ. ಮೂರನೆಯ ಸಲ ಹೇಗೋ ಗೆರೆಯ ಕೆಳಗೆ ಬಂತು. ಅದನ್ನೇ ಬರೆದೆ. "ನೂರು ವರ್ಷ ಬಾಳವ್ವ," ಎಂದು ಹರಸಿ ಹೋದ. ಅವನನ್ನು ನಾನು ಕಂಡದ್ದು ಅದೇ ಕೊನೆ.

ಎತ್ತರದಿಂದ ಅವನು ಬೀಳಲಿಲ್ಲ. ಬೆಳಿಗ್ಗೆ ಮನೆಯ ಅಂಗಳದಲ್ಲಿ ಬೇವಿನ ಕಡ್ಡಿಯಿಂದ ಹಲ್ಲುಜ್ಜುತ್ತ ನಿಂತಲ್ಲೇ ಕುಸಿದ. ತಲೆಯೊಳಗೆ ನರ ಒಡೆದಿತ್ತು. ಬಳ್ಳಾರಿಯಲ್ಲಿ ನಾಲ್ಕು ದಿನ ಇದ್ದ, ಕಣ್ಣು ತೆರೆಯಲಿಲ್ಲ.

ಮಣ್ಣು ಮಾಡಿದ ದಿನ ಹೋಗಲು ನನಗೆ ಧೈರ್ಯ ಬರಲಿಲ್ಲ. ಹದಿನೈದು ದಿನ ಕಳೆದು, ದರೋಜಿಯಲ್ಲಿ ತಪಾಸಣೆ ಮುಗಿಸಿ ಬರುವಾಗ ಅವನ ಮನೆಗೆ ಹೋದೆ. ಹೆಂಡತಿ ರತ್ನಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಚಾಪೆ ಹಾಸಿ, "ಕುಂದ್ರಿ ಸಿಸ್ಟರಮ್ಮ," ಎಂದಳು. ನೀರು ತಂದಿಟ್ಟು ಕೇಳಿದಳು: "ಒಂದು ಮಾತು ಕೇಳ್ತೀನ್ರಿ. ನಾ ಮಾತ್ರಿ ಮುಂದಿಟ್ರ, 'ನಮ್ಮ ಮಂದಿಗೆ ಇದು ಬ್ಯಾಡ, ಸಿಸ್ಟರಮ್ಮನ ಹೇಳ್ಯಾಳ,' ಅಂತಿದ್ರು. ಹೇಳಿದ್ದು ಖರೇನ್ರಿ?"

"ಅರ್ಧ ಹೇಳಿದ್ದೆ ಅಕ್ಕ," ಎಂದೆ. ಉಳಿದರ್ಧವನ್ನೂ, ಮೂರನೆಯ ಸಲದ ಲೆಕ್ಕ ಬರೆದದ್ದನ್ನೂ ಹೇಳಿದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವಳು ನನ್ನ ಚೀಲದಲ್ಲಿ ಯಂತ್ರ ಇದ್ದದ್ದು ಕಂಡು, ಬಳೆಯಿಲ್ಲದ ಕೈಯನ್ನು ಮುಂದೆ ಚಾಚಿದಳು.

"ನಂದೂ ನೋಡ್ರಿ."

ಎರಡು ಸಲ ನೋಡಿದೆ. ಎರಡು ಸಲವೂ ನೂರ ಎಂಬತ್ತರ ಮೇಲಿತ್ತು. ಇದ್ದದ್ದನ್ನು ಇದ್ದಂತೆ ಹೇಳಿದೆ.

"ನಮ್ಮ ಮಂದಿಗೆ ಇದು ಹೆಚ್ಚೇನ್ರಿ?"

"ಯಾವ ಮಂದಿಗಾದ್ರೂ ಹೆಚ್ಚ ಅಕ್ಕ."

ಅವಳು ಕೈ ಹಿಂದೆಳೆದುಕೊಂಡು ಅಂಗಳದ ಕಡೆ ನೋಡಿದಳು.

"ಹಂಗಾರ ಅವ್ರಿಗೂ ಹೆಚ್ಚ ಇತ್ತು," ಎಂದಳು.